ಲೆಗೋ ಇಟ್ಟಿಗೆಯಲ್ಲಿ ನಮ್ಮ ರಾಗಿ ಕಣ: ಯಾವ ಹೊತ್ತನ್ನು ತೋರಿಸಲಿ?

ಕಣದಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮೂರು ಮಾಗಡಿ ಕಡೆ. ಈಗ ಮನೆಮಂದಿ ಎಲ್ಲ ಬೆಂಗಳೂರಲ್ಲೇ, ವಿಜಯನಗರದ ಸುತ್ತಮುತ್ತ ಇದ್ದೇವೆ. ಊರಲ್ಲಿ ಹೊಲ ಇದೆ, ರಾಗಿನೂ ಹಾಕುತ್ತಾರೆ. ಆದರೆ ತೆನೆ ಒಕ್ಕುವ ಕಣ ಇಲ್ಲ. ಮೆಷಿನ್ ಬಂದು ಹೊಲದಲ್ಲೇ ಕಾಳು ಬಿಡಿಸಿ ಚೀಲಕ್ಕೆ ತುಂಬುತ್ತದೆ. ಮೆಷಿನ್ ಸಿಗದ ವರ್ಷ ಟಾರು ರಸ್ತೆ ಮೇಲೆ ತೆನೆ ಹರಡುತ್ತಾರೆ, ಲಾರಿ ಬಸ್ಸು ಹತ್ತಿಳಿದು ಒಕ್ಕಣೆ ಮುಗಿಯುತ್ತದೆ.

ಸಂಕ್ರಾಂತಿಗೆ ಎಲ್ಲರೂ ಅಜ್ಜಿ ಇರುವ ಚಿಕ್ಕಪ್ಪನ ಮನೆಯಲ್ಲಿ ಸೇರುತ್ತೇವೆ. ಅಷ್ಟರೊಳಗೆ ನಮ್ಮ ಕಣವನ್ನು ಲೆಗೋದಲ್ಲಿ ಕಟ್ಟಿ ಅಲ್ಲಿಡಬೇಕು ಅಂತ ಆಸೆ. ಇಟ್ಟಿಗೆ ಚೆನ್ನಾಗೇ ಇವೆ, ಮಗನ ಹಳೇ ಸೆಟ್‌ಗಳನ್ನೆಲ್ಲ ಬಿಚ್ಚಿ ಬಣ್ಣದ ಪ್ರಕಾರ ಡಬ್ಬಿಗೆ ಹಾಕಿಟ್ಟಿದ್ದೇನೆ.

ಕೇಳಬೇಕಿರುವುದು ಇದು. ಕಣದ ಕೆಲಸ ಒಂದು ದಿನದ್ದಲ್ಲ. ಕಣ ಕೆತ್ತಿ ಸಗಣಿಯಲ್ಲಿ ಸಾರಿಸುವುದು, ಒಟ್ಟಿದ ತೆನೆಯ ಮೆದೆ ಕೀಳುವುದು, ಎತ್ತು ಕಟ್ಟಿ ಕಲ್ಲಿನ ಗುಂಡು ಹೊಡೆಯುವುದು, ಹುಲ್ಲು ಕೊಡವಿ ತೆಗೆಯುವುದು, ತೂರುವುದು, ರಾಶಿ ಪೂಜೆ, ಆಮೇಲೆ ಅಳತೆ. ಎಲ್ಲವನ್ನೂ ಒಂದೇ ಹಲಗೆ ಮೇಲೆ ತುಂಬಿದರೆ ಶಾಲೆಯ ಚಾರ್ಟ್ ಆಗಿಬಿಡುತ್ತದೆ. ಒಂದೇ ಹೊತ್ತು ಆರಿಸಬೇಕು. ನನ್ನ ಮನಸ್ಸು ರಾಶಿ ಪೂಜೆ ಕಡೆ ಇದೆ. ನೀವೇನಂತೀರಿ?

ಇಟ್ಟಿಗೆ_ಇಂಜಿನಿಯರ್

ಒಳ್ಳೇ ಯೋಚನೆ. ಹೊತ್ತು ಆಮೇಲೆ, ಮೊದಲು ಸ್ಕೇಲ್ ನೋಡಿ. ಲೆಗೋ ಮನುಷ್ಯ ಸುಮಾರು 4 ಸೆಂ.ಮೀ. ಎತ್ತರ. ನಿಮ್ಮೂರಿನ ಆಳು ಐದೂವರೆ ಅಡಿ ಅಂದುಕೊಂಡರೆ ಹೆಚ್ಚುಕಡಿಮೆ 1:41 ಬರುತ್ತದೆ. ಕಣ 30 ಅಡಿ ಅಗಲ ಇತ್ತಾ? ಹಾಗಿದ್ದರೆ ಮಾದರಿಯಲ್ಲಿ 22 ಸೆಂ.ಮೀ. ಇಟ್ಟಿಗೆ ಮೇಲಿನ ಒಂದು ಸ್ಟಡ್ಡಿಂದ (ದುಂಡು ಉಬ್ಬು) ಇನ್ನೊಂದಕ್ಕೆ 8 ಮಿ.ಮೀ., ಅಂದರೆ ಸುಮಾರು 28 ಸ್ಟಡ್. 32×32 ಹಲಗೆಯಲ್ಲಿ ಕಣ ಕೂರುತ್ತದೆ, ಆದರೆ ಮೆದೆಗೆ, ಗಾಡಿಗೆ, ಜನಕ್ಕೆ ಜಾಗ ಉಳಿಯುವುದಿಲ್ಲ. 48×48 ತಗೊಳ್ಳಿ.

ಎರಡನೇ ತಲೆನೋವು ದುಂಡು. ಚೌಕ ಇಟ್ಟಿಗೆಯಲ್ಲಿ ದುಂಡು ಕಣ ಮಾಡಿದರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕಣದ ನೆಲವನ್ನು ಸುತ್ತಲಿನ ಮಣ್ಣಿಗಿಂತ ಒಂದೇ ಒಂದು ಪ್ಲೇಟ್ (ತೆಳು ಇಟ್ಟಿಗೆ) ಎತ್ತರ ಇಡಿ, 3.2 ಮಿ.ಮೀ. ಸಾಕು. ಮೇಲೆ ನುಣುಪು ಟೈಲ್. ಅಂಚಿನ ಮೆಟ್ಟಿಲ ಮೇಲೆ ಹುಲ್ಲಿನ ಬಣ್ಣದ ಚೂರುಗಳನ್ನು ಅಡ್ಡಾದಿಡ್ಡಿ ಸಿಕ್ಕಿಸಿ. ನಿಜವಾದ ಕಣವನ್ನೂ ಯಾರೂ ಕೈವಾರ ಹಿಡಿದು ಗೀಚಿರಲಿಲ್ಲ, ಅಲ್ವಾ.

ಧಾರವಾಡಪೇಡಾ

ರಾಶಿ ಪೂಜೆ ಬೇಡ್ರೀ, ಹಂತಿ ತೋರಿಸಿ. ನಮ್ಮ ಕಡೆ ಜೋಳದ ಕಣ. ನಡುವೆ ಮೇಟಿ ಕಂಬ, ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು, ಹಿಂದೆ ಹಂತಿ ಹಾಡುವವರು. ರಾತ್ರಿ ಇಡೀ ಹಾಡಿಕೊಂಡು ತುಳಿಸುತ್ತಿದ್ದರು. ನಿದ್ದೆ ಬರಬಾರದು, ಎತ್ತೂ ನಿಲ್ಲಬಾರದು, ಅದಕ್ಕೇ ಆ ಹಾಡು ಅಷ್ಟುದ್ದ.

ಒಂದು ಸಂಗತಿ ಮರೀಬೇಡಿ. ಎತ್ತುಗಳನ್ನು ಸುಮ್ನೆ ಸಿಕ್ಕಸಿಕ್ಕ ಹಾಗೆ ಕಟ್ಟುವುದಿಲ್ಲ. ಮೇಟಿ ಪಕ್ಕ ಇರುವುದು ಇದ್ದಲ್ಲೇ ತಿರುಗುತ್ತದೆ, ಅದಕ್ಕೆ ಮುದಿ ಎತ್ತು. ಹೊರಗಿನದು ದೊಡ್ಡ ಸುತ್ತು ಹಾಕಬೇಕು, ಅಲ್ಲಿಗೆ ಚುರುಕಾದ ಹೋರಿ. ತೆನೆಗೆ ಬಾಯಿ ಹಾಕದಿರಲಿ ಅಂತ ಎಲ್ಲಕ್ಕೂ ಬಾಯಿಕುಕ್ಕೆ. ಎತ್ತಿನ ಮೈಕಟ್ಟಲ್ಲೇ ಈ ವ್ಯತ್ಯಾಸ ಕಾಣುವ ಹಾಗೆ ಕಟ್ಟಿದರೆ ಊರಿನವರು ನೋಡಿದ ಕೂಡಲೇ ನಗುತ್ತಾರೆ, ಭೇಷ್ ಅಂತಾರೆ.

ಗೇರ್‌ಗಿರಿ

ಹಂತಿಯೋ ಗುಂಡೋ, ಏನೇ ಇರಲಿ, ತಿರುಗಬೇಕು! ಹಲಗೆ ಕೆಳಗೆ ಟೆಕ್ನಿಕ್ (ಲೆಗೋದ ಯಂತ್ರದ ತುಣುಕು) ಟರ್ನ್‌ಟೇಬಲ್ ಇಟ್ಟು ಮೋಟಾರ್ ಹಾಕಿ. ಲೆಕ್ಕ ನಾನು ಕೊಡುತ್ತೇನೆ. ಮೇಟಿಯಿಂದ ಮೂರೂವರೆ ಮೀಟರ್ ದೂರದಲ್ಲಿ ಎತ್ತು ನಡೆದರೆ ಒಂದು ಸುತ್ತು 22 ಮೀಟರ್. ಎತ್ತಿನ ನಡಿಗೆ ಗಂಟೆಗೆ 3 ಕಿ.ಮೀ. ಹಿಡಿದರೆ ಒಂದು ಸುತ್ತಿಗೆ ಅರ್ಧ ನಿಮಿಷ ಬೇಕು. ಅಂದರೆ ನಿಮಿಷಕ್ಕೆ ಎರಡೇ ಸುತ್ತು. ಮೋಟಾರ್ ನಿಮಿಷಕ್ಕೆ 200 ಸುತ್ತು ತಿರುಗಿದರೂ ಸ್ಕ್ರೂ ಥರದ ವರ್ಮ್ ಗೇರಿಗೆ 24 ಹಲ್ಲಿನ ಗೇರ್ ಕೊಟ್ಟರೆ 8ಕ್ಕೆ ಇಳಿಯುತ್ತದೆ. ಅದರ ಮುಂದೆ 8 ಹಲ್ಲಿನದಕ್ಕೆ 24 ಹಲ್ಲಿನದು ಜೋಡಿಸಿದರೆ ಇನ್ನೂ ಮೂರು ಪಾಲು ನಿಧಾನ. ಹೆಚ್ಚುಕಡಿಮೆ ಎತ್ತಿನ ನಡಿಗೆ ಬಂತು. ಯೂಟ್ಯೂಬಲ್ಲಿ ಕೆಲವರು ಮಾಡುವ ಹಾಗೆ ಎತ್ತುಗಳನ್ನು ಗಿರಗಿಟ್ಟಲೆ ಆಡಿಸಬೇಡಿ.

ಸುಮ್ನೆ_ಬಂದೆ

ನಾನು ಸುಮ್ನೆ ಓದುತ್ತಿದ್ದೆ, ತಡೆಯಲಾಗಲಿಲ್ಲ. ಮಣ್ಣು, ಸಗಣಿ, ಹುಲ್ಲಿನ ಕಣವನ್ನು ಡೆನ್ಮಾರ್ಕಿನ ಪ್ಲಾಸ್ಟಿಕ್ಕಲ್ಲಿ ಕಟ್ಟುವುದಾ? ಪಕ್ಕದಲ್ಲೇ ಚನ್ನಪಟ್ಟಣ ಇದೆ. ಅರಗಿನ ಬಣ್ಣದ ಮರದ ಗೊಂಬೆ ಮಾಡಿಸಿ. ದುಡ್ಡೂ ಕಡಿಮೆ. ಲೆಗೋ ರೇಟು ನೋಡಿದರೆ ತಲೆ ತಿರುಗುತ್ತದೆ.

ಇಟ್ಟಿಗೆ_ಇಂಜಿನಿಯರ್

ರೇಟಿಗೆ ಕಾರಣ ಇದೆ. ಆಟಿಕೆ ಮೇಲಿನ ಆಮದು ಸುಂಕ 2020ರಲ್ಲಿ 20ರಿಂದ 60 ಶೇಕಡಾಕ್ಕೆ ಏರಿತು, 2023ರಲ್ಲಿ 70 ಆಯಿತು. ಅದರ ಜೊತೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಹಾಗಾಗಿ ಬಿಡಿ ತುಣುಕು ಹೊರದೇಶದಿಂದ ತರಿಸುವ ಮುಂಚೆ ಸುಂಕ ಕೂಡಿಸಿ ಲೆಕ್ಕ ಹಾಕಿ. ಹಳೇ ಸೆಟ್ ಬಿಚ್ಚಿ ಬಳಸುವುದೇ ಜಾಣತನ. 1958ರಲ್ಲಿ ಪೇಟೆಂಟ್ ಪಡೆದ ಇಟ್ಟಿಗೆಗೂ ಇವತ್ತಿನ ಇಟ್ಟಿಗೆಗೂ ಹೊಂದುತ್ತದೆ, ಹಳೆಯದು ಅಂತ ದಂಡ ಆಗುವುದಿಲ್ಲ.

ಕೊಳ್ಳುವ ಮುಂಚೆ ಸ್ಟುಡಿಯೋ ಅನ್ನುವ ಉಚಿತ ಸಾಫ್ಟ್‌ವೇರಲ್ಲಿ ಒಮ್ಮೆ ಕಟ್ಟಿ ನೋಡಿ. ಯಾವ ತುಣುಕು ಎಷ್ಟು ಬೇಕು ಅಂತ ಪಟ್ಟಿ ತಾನೇ ಕೊಡುತ್ತದೆ.

ಗೊಂಬೆಮನೆ

ಚನ್ನಪಟ್ಟಣವೋ ಲೆಗೋವೋ ಅನ್ನೋ ಜಗಳ ಯಾಕೆ? ಮಲ್ಲೇಶ್ವರದಲ್ಲಿ ನಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸುತ್ತೇವೆ. ಪಟ್ಟದ ಗೊಂಬೆ ಮರದ್ದು, ಶೆಟ್ಟಿ ಗೊಂಬೆ ಮಣ್ಣಿನದು, ಕೆಳಗೆ ಮಕ್ಕಳು ಮಾಡುವ ಪಾರ್ಕಿನಲ್ಲಿ ಪ್ಲಾಸ್ಟಿಕ್ ಹಸು, ಆಟದ ಕಾರು, ಕನ್ನಡಿ ಚೂರಿನ ಕೆರೆ. ಎಲ್ಲ ಒಟ್ಟಿಗೇ ಇರುತ್ತವೆ. ಆ ಪಾರ್ಕಿಗೆ ಮಹಾಲಯ ಅಮಾವಾಸ್ಯೆ ಹೊತ್ತಿಗೇ ರಾಗಿ ಚೆಲ್ಲಿ ಪೈರು ಬರಿಸುತ್ತೇವೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಹಳ್ಳಿ ಕಟ್ಟುವ ಆಟ ಮೊದಲಿಂದ ಇದೆ, ಇವರು ಹೊಸ ಸಾಮಾನಿನಲ್ಲಿ ಮಾಡುತ್ತಿದ್ದಾರೆ ಅಷ್ಟೆ.

ಸೀರೆಗೆ ಒಂದು ಉಪಾಯ: ಕಾಲಿನ ಬದಲು ಇಳಿಜಾರು ಇಟ್ಟಿಗೆ ಹಾಕಿ. ಸೆರಗಿಗೆ ಬಟ್ಟೆಯ ಕೇಪ್ ತುಣುಕು ಬರುತ್ತದಲ್ಲ, ಅದನ್ನು ಓರೆಯಾಗಿ ಸಿಕ್ಕಿಸಿ.

ಕಣದಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಒಂದು ವಿಷಯ ಹೇಳಲೇಬೇಕು.

ಅಜ್ಜಿಯನ್ನು ಕಣದ ಬಗ್ಗೆ ಕೇಳಿದಾಗಲೆಲ್ಲ ಒಂದೇ ಉತ್ತರ: "ಏನಿತ್ತಪ್ಪ, ಎಲ್ಲಾರ ಕಣದಂಗೇ ಇತ್ತು." ಎತ್ತು ಯಾವ ಕಡೆ ತಿರುಗುತ್ತಿದ್ದವು, ಹೆಂಗಸರು ಎಲ್ಲಿ ನಿಲ್ಲುತ್ತಿದ್ದರು, ಏನು ಕೇಳಿದರೂ ಅಷ್ಟೇ. ಭಾನುವಾರ ಅರ್ಧ ಕಟ್ಟಿದ್ದನ್ನು ಟ್ರೇ ಮೇಲಿಟ್ಟುಕೊಂಡು ಹೋಗಿ ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡರು. ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಆಮೇಲೆ ತೋರುಬೆರಳಿನ ಉಗುರು ಹಾಕಿ ಗುಂಡು ಎಳೆಯುವ ಎತ್ತಿನ ಜೋಡಿಯನ್ನು ಟಕ್ ಅಂತ ಕಿತ್ತರು. ತಿರುಗಿಸಿ ಮತ್ತೆ ಒತ್ತಿದರು. "ಮೇಟಿ ಎಡಗೈಗಿರಬೇಕು."

ಅಲ್ಲಿಂದ ಶುರುವಾಯಿತು. ಮೆದೆಯನ್ನು ನಾನು ಕಣದ ಹಿಂದೆ ಒಂದೇ ಸಾಲಲ್ಲಿ ಇಟ್ಟಿದ್ದೆ. "ಗಾಳಿಗೆ ಅಡ್ಡ ಇಟ್ಟರೆ ತೂರೋದು ಹೆಂಗೆ?" ಅಂತ ಬಲಗಡೆಗೆ ಸರಿಸಿದರು. ಆ ಕಾಲದಲ್ಲಿ ಮೂಡಲ ಗಾಳಿ, ಹಾಗಾಗಿ ಹೊಟ್ಟು ಪಡುವಣಕ್ಕೆ ಬೀಳಬೇಕು. ನೆಲ ಕಂದು ಬಣ್ಣ ಹಾಕಿದ್ದೆ, ಅದಕ್ಕೂ ತಕರಾರು. ಹೊಸದಾಗಿ ಸಾರಿಸಿದ ಕಣ ಹಸಿರು, ಗುಂಡು ಓಡಿದ ಕಡೆ ಮಾತ್ರ ಬಿಳಿಚಿಕೊಳ್ಳುತ್ತದೆ ಅಂದರು. ಈಗ ಆಲಿವ್ ಹಸಿರು ಮತ್ತು ಡಾರ್ಕ್ ಟ್ಯಾನ್ ಎರಡನ್ನೂ ಬೆರೆಸಿ ಟೈಲ್ ಹಾಕುತ್ತಿದ್ದೇನೆ, ಗುಂಡಿನ ದಾರಿಯಲ್ಲಿ ಟ್ಯಾನ್ ಜಾಸ್ತಿ.

ಕೊನೆಗೆ ಬಗ್ಗಿ ನೋಡಿ, "ಇವನ್ಯಾಕೆ ಕಣದೊಳಗೆ ಮೆಟ್ಟು ಹಾಕ್ಕೊಂಡವ್ನೆ?" ಅಂದರು. ಬೊಂಬೆ ಕಾಲಿಗೆ ಕಪ್ಪು ಬೂಟು ಅಚ್ಚು ಹಾಕಿದ್ದಾರೆ! ಕಂಪನಿಗೆ ಏನು ಗೊತ್ತು ಪಾಪ. ಬರಿಗಾಲಿನ ಬಣ್ಣದ ಕಾಲುಗಳನ್ನು ಹುಡುಕಿ ಹಾಕಿದೆ. ಕಣದ ಹೊರಗೆ, ಬೇಲಿ ಪಕ್ಕ, ಸಣ್ಣ ಟೈಲ್‌ಗಳಲ್ಲಿ ಜೋಡಿ ಜೋಡಿ ಚಪ್ಪಲಿ ಬಿಟ್ಟಿದ್ದೇನೆ.

ಮನೆಯಲ್ಲಿ ಹಿರಿಯರು ಇದ್ದವರಿಗೆ ನನ್ನ ಸಲಹೆ: ಪ್ರಶ್ನೆ ಕೇಳುವುದು ಬಿಡಿ, ಅರ್ಧ ಕಟ್ಟಿ ಮುಂದಿಡಿ. ಬಾಯಲ್ಲಿ ಬರದಿದ್ದದ್ದು ಕೈಯಲ್ಲಿ ಬರುತ್ತದೆ.

ಹಳೇಬೇರು

ಕೃಷಿ ಇಲಾಖೆಯಿಂದ ನಿವೃತ್ತನಾದವನು ನಾನು. ನಿಮ್ಮ ಅಜ್ಜಿಗೆ ನಮಸ್ಕಾರ ತಿಳಿಸಿ.

ಕೆಲವು ಸಾಮಾನು ಬಿಟ್ಟುಹೋಗಬಾರದು. ಹುಲ್ಲು ಕೊಡವಲು ಕವೆಗೋಲು, ಗುಡಿಸಲು ಪೊರಕೆ, ಕೇರಲು ಮೊರ, ಜರಡಿ ಹಿಡಿಯಲು ವಂದರಿ, ಹೊರಲು ಮಂಕರಿ, ಅಳೆಯಲು ಕೊಳಗ. ರೋಣಗಲ್ಲು, ಅಂದರೆ ನೀವು ಹೇಳುವ ಗುಂಡು, ಎರಡೂ ಕಡೆ ಒಂದೇ ದಪ್ಪ ಇರಬೇಕಾಗಿಲ್ಲ. ಎಷ್ಟೋ ಕಡೆ ಒಂದು ತುದಿ ಸ್ವಲ್ಪ ಸಣ್ಣ ಇರುತ್ತದೆ, ಸಣ್ಣ ತುದಿ ಮೇಟಿ ಕಡೆಗೆ. ಹಾಗಿದ್ದರೆ ದುಂಡಗೆ ಸುಲಭವಾಗಿ ತಿರುಗುತ್ತದೆ. ಇವನ್ನೆಲ್ಲ ಕಣ್ಣಾರೆ ನೋಡಬೇಕು ಅಂದರೆ ರಾಮನಗರದ ಹತ್ತಿರ ಜಾನಪದ ಲೋಕಕ್ಕೆ ಹೋಗಿ. ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿದ್ದು. ಬೆಂಗಳೂರು–ಮೈಸೂರು ರಸ್ತೆಯಲ್ಲೇ ಇದೆ. ಅಳತೆಪಟ್ಟಿ ಜೇಬಲ್ಲಿರಲಿ.

ಇನ್ನೊಂದು ಆಸೆ ಹುಟ್ಟಿಸುತ್ತೇನೆ: ಹಗೇವು, ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ರಾಶಿ ಆದ ರಾಗಿ ಹೋಗುತ್ತಿದ್ದದ್ದು ಅಲ್ಲಿಗೇ ಅಲ್ಲವೇ. ಬಾಯಿ ಚಿಕ್ಕದು, ಒಳಗೆ ಹೂಜಿಯ ಹಾಗೆ ಅಗಲ, ಸುತ್ತ ಹುಲ್ಲಿನ ಹೊದಿಕೆ, ಮೇಲೆ ಚಪ್ಪಡಿ, ಅದರ ಮೇಲೆ ಮಣ್ಣು. ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟಿ ಸತ್ತವರಿದ್ದಾರೆ. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಹಲಗೆಯ ಒಂದು ಮೂಲೆಯನ್ನು ಸೀಳಿ ತೋರಿಸಿದ ಹಾಗೆ ಕಟ್ಟಿದರೆ ಮಕ್ಕಳಿಗೆ ಒಳಗೂ ಕಾಣುತ್ತದೆ.

ಇಟ್ಟಿಗೆ_ಇಂಜಿನಿಯರ್

ಹಗೇವು ಸಖತ್. 10 ಅಡಿ ಆಳ ಅಂದರೆ ನಮ್ಮ ಸ್ಕೇಲಲ್ಲಿ ಸುಮಾರು 7.4 ಸೆಂ.ಮೀ., ಎಂಟು ಇಟ್ಟಿಗೆ ಎತ್ತರ. ಇಡೀ ಹಲಗೆಯನ್ನು ಅಷ್ಟು ಎತ್ತರಿಸಿದರೆ ಇಟ್ಟಿಗೆ ಸಾಲುವುದಿಲ್ಲ. ಮುಂದಿನ ಮೂಲೆ ಮಾತ್ರ ಗಟ್ಟಿ ಕಟ್ಟಿ, ಉಳಿದ ಕಡೆ ಒಳಗೆ ಟೊಳ್ಳು ಬಿಟ್ಟು ಕಂಬ ಕೊಡಿ. ಅಲ್ಲಿ ಯಾವ ಬಣ್ಣದ ಕಸ ಇಟ್ಟಿಗೆ ಹಾಕಿದರೂ ಕಾಣುವುದಿಲ್ಲ.

ರಾಶಿ ಎಷ್ಟು ದೊಡ್ಡದು ಮಾಡುತ್ತಿದ್ದೀರಿ?

ಕಣದಹುಡುಗ

ಬೊಂಬೆಯ ಎದೆಮಟ್ಟ. ದುಂಡು 1×1 ಪ್ಲೇಟ್, ಕೆಂಪು-ಕಂದು ಬಣ್ಣದ್ದು, ಸುರಿದು ಗುಡ್ಡೆ ಮಾಡೋಣ ಅಂತ.

ಇಟ್ಟಿಗೆ_ಇಂಜಿನಿಯರ್

ಎರಡಕ್ಕೂ ಆಕ್ಷೇಪ ಇದೆ. ಆ ದುಂಡು ಪ್ಲೇಟ್ 8 ಮಿ.ಮೀ. 41ರಿಂದ ಗುಣಿಸಿ. ಒಂದೊಂದು ರಾಗಿ ಕಾಳು ಒಂದಡಿ ಅಗಲ ಆಯಿತು. ನಿಮ್ಮೂರ ರಾಗಿ ಭೀಮನಿಗೆ ಬೆಳೆದದ್ದಾ?

ಎತ್ತರ: ಒಂದು ಕ್ಯೂಬಿಕ್ ಮೀಟರಿಗೆ ಏಳೂವರೆ ಕ್ವಿಂಟಲ್ ರಾಗಿ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಸುರಿದ ಕಾಳು ತಾನಾಗಿ ನಿಲ್ಲುವ ಇಳಿಜಾರು 28 ಡಿಗ್ರಿ ಆಸುಪಾಸು. ಹಾಗಾದರೆ 10 ಕ್ವಿಂಟಲ್ ರಾಶಿ ಸುಮಾರು 2.7 ಮೀಟರ್ ಅಗಲಕ್ಕೆ ಹರಡಿ 70 ಸೆಂ.ಮೀ. ಎತ್ತರ ಬರುತ್ತದೆ. ತೊಡೆಮಟ್ಟ ಅಷ್ಟೆ. ಮಾದರಿಯಲ್ಲಿ 8 ಸ್ಟಡ್ ಅಗಲ, ಎರಡು ಇಟ್ಟಿಗೆಗಿಂತ ಕಡಿಮೆ ಎತ್ತರ. ರಾಗಿ ಎರಡರಷ್ಟಾದರೂ ರಾಶಿ ಎರಡರಷ್ಟು ಎತ್ತರ ಆಗುವುದಿಲ್ಲ, ಕಾಲು ಭಾಗ ಏರುತ್ತದೆ.

ಧಾರವಾಡಪೇಡಾ

ಲೆಕ್ಕ ಸರಿ ಇರಬಹುದು. ಆದರೆ ರಾಶಿಯನ್ನು ಹಾಗೇ ಸುರಿದು ಬಿಡುವುದಿಲ್ಲರೀ. ಸುತ್ತ ಬಳಿದು ಮೇಲೇರಿಸಿ ಚೂಪು ಮಾಡುತ್ತಾರೆ. ಸ್ವಲ್ಪ ಎತ್ತರ ಬಿಡಿ.

ಸುಮ್ನೆ_ಬಂದೆ

ನಿಜವಾದ ರಾಗಿನೇ ಸುರಿದುಬಿಡಿ. ಅಡುಗೆ ಮನೆಯಲ್ಲಿ ಇದೆ ತಾನೇ?

ಇಟ್ಟಿಗೆ_ಇಂಜಿನಿಯರ್

ಲೆಗೋ ಮಾದರಿಯಲ್ಲಿ ಲೆಗೋ ಅಲ್ಲದ್ದು ಇರಬಾರದು. ಇದು ನನ್ನ ಮಡಿ, ಒಪ್ಪುತ್ತೇನೆ. ಸಣ್ಣ ಇಳಿಜಾರು ತುಣುಕುಗಳಿಂದ ಗೋಪುರ ಮಾಡಿ, ಅಂಚಲ್ಲಿ ಮಾತ್ರ ನಾಲ್ಕು ದುಂಡು ಪ್ಲೇಟ್ ಚೆಲ್ಲಿ.

ಕಣದಹುಡುಗ

ಅಜ್ಜಿ ತೀರ್ಪು ಕೊಟ್ಟಾಯಿತು. "ರಾಶಿ ಪೂಜೆಗೆ ಪ್ಲಾಸ್ಟಿಕ್ ರಾಗೀನಾ?" ಅಂದರು. ಒಳಗೆ ಇಳಿಜಾರು ತುಣುಕಿನ ಗೋಪುರ ಇರುತ್ತದೆ, ಮೇಲೆ ಒಂದು ಹಿಡಿ ನಿಜ ರಾಗಿ. ಇಂಜಿನಿಯರ್ ಸಾಹೇಬರು ಫೋಟೋ ನೋಡುವಾಗ ಒಂದು ಕಣ್ಣು ಮುಚ್ಚಿಕೊಳ್ಳಲಿ. ಎತ್ತರ ಮಾತ್ರ ಅವರ ಲೆಕ್ಕದ್ದೇ ಇಡುತ್ತೇನೆ. ಅಜ್ಜಿ "ಇಷ್ಟು ಪುಟ್ಟದಾ?" ಅಂದರೂ ಚಿಕ್ಕಪ್ಪ ಲೆಕ್ಕದ ಪರ ನಿಂತರು.

ಪೂಜೆಯ ವಿವರ: ರಾಶಿ ಸುತ್ತ ಬೂದಿಯ ಗೆರೆ, ನೆತ್ತಿಯಲ್ಲಿ ಸಗಣಿ ಬೆನಕ, ಗರಿಕೆ, ಹುಚ್ಚೆಳ್ಳು ಹೂ, ಸುತ್ತ ಕಣದ ಸಾಮಾನು ಒರಗಿಸಿಟ್ಟದ್ದು. ಹುಚ್ಚೆಳ್ಳಿಗೆ ಹಳದಿ ಹೂವಿನ ತುಣುಕು ಸಿಕ್ಕಿತು.

ಮೊರದಕಾಳು

ತುಂಬ ದಿನದಿಂದ ಓದುತ್ತಿದ್ದೇನೆ. ಇವತ್ತು ಬರೆಯೋಣ ಅನ್ನಿಸಿತು.

ನಿಮ್ಮ ಕಣ ಚೆನ್ನಾಗಿ ಬರುತ್ತಿದೆ. ಎತ್ತು, ಮೇಟಿ, ಹಗೇವು, ಚಪ್ಪಲಿ, ಎಲ್ಲದಕ್ಕೂ ಜಾಗ ಆಯಿತು. ನಮ್ಮಜ್ಜಿಗೆ ಎಲ್ಲಿ ಜಾಗ? ನಮಗೆ ಹೊಲ ಇರಲಿಲ್ಲ. ಕುಯ್ದವರು, ಹೊರೆ ಹೊತ್ತವರು, ಮೆದೆ ಒಟ್ಟಿದವರು ನಮ್ಮ ಮನೆಯವರೇ. ಕಣ ಸಾರಿಸಲು ಸಗಣಿ ಹೊತ್ತು ತಂದವರೂ ಅವರೇ. ಪೂಜೆ ದಿನ ಕಣದ ಒಳಗೆ ಬರುವಂತಿರಲಿಲ್ಲ. ಮೊರ ಹಿಡಿದು ಹೊರಗೆ ನಿಂತಿರುತ್ತಿದ್ದರು. ಅಳತೆ ಮುಗಿದ ಮೇಲೆ ಹೊಲದವರು ಮೊರಕ್ಕೆ ಕಾಳು ಹಾಕುತ್ತಿದ್ದರು. ಎಷ್ಟು ಅನ್ನುವುದು ಹಾಕುವವರ ಕೈಯಲ್ಲಿತ್ತು.

ಬಯ್ಯಲು ಬರೆಯುತ್ತಿಲ್ಲ. ನೀವು ಇಷ್ಟು ನಿಖರವಾಗಿ ಕಟ್ಟುತ್ತಿದ್ದೀರಿ, ಅದಕ್ಕೇ ಕೇಳಿದೆ.

ಗೇರ್‌ಗಿರಿ

ಸರಿ, ಆದರೆ ಹಬ್ಬಕ್ಕೆ ಮನೆಯಲ್ಲಿಡುವ ಆಟದ ಮಾದರಿ ಇದು. ಇದರಲ್ಲೂ ಜಾತಿ ವಿಚಾರ ಬೇಕಾ?

ಹಳೇಬೇರು

ಬೇಕೋ ಬೇಡವೋ, ಕಣದಲ್ಲಿ ಅದು ಇತ್ತು ಗಿರಿಯವರೇ. ರಾಗಿ ಒಂದು ಮನೆಯ ಹಗೇವಿಗೆ ಹೋಗುವ ಮುಂಚೆ ಹತ್ತು ಕೈಗೆ ಹಂಚಿಹೋಗುತ್ತಿತ್ತು. ಕಮ್ಮಾರ, ಬಡಗಿ, ಕುಂಬಾರ, ಮಡಿವಾಳ, ಕ್ಷೌರಿಕ, ತೋಟಿ, ತಳವಾರ, ನೀರಗಂಟಿ, ಎಲ್ಲರ ಆಯ, ಅಂದರೆ ಕಾಳಿನ ಪಾಲು, ಕಣದಲ್ಲೇ ತೀರಬೇಕು. ಅವರ ವರ್ಷದ ದುಡಿಮೆಗೆ ಅದೇ ಸಂಬಳ. ತೋಟಿ, ತಳವಾರಿಕೆ ಥರದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ ಕಾಯ್ದೆ 1961ರದ್ದು. ಜೀತ ರದ್ದತಿ ಕಾಯ್ದೆ 1976ರಲ್ಲಿ ಬಂತು. ನಾನು ಕೆಲಸಕ್ಕೆ ಸೇರಿದ ಮೇಲೂ ಕಣದ ಅಂಚಲ್ಲಿ ಮೊರ ಹಿಡಿದು ನಿಂತವರನ್ನು ನೋಡಿದ್ದೇನೆ. ಕಾಯ್ದೆ ಬಂದ ಮಾರನೇ ದಿನ ಏನೂ ಬದಲಾಗಿರಲಿಲ್ಲ.

ಇವರೆಲ್ಲರನ್ನೂ ಬಿಟ್ಟರೆ ನಿಮಗೆ ಸಿಗುವುದು ಬರೀ ಸಾಮಾನಿನ ಪ್ರದರ್ಶನ.

ಕಣದಹುಡುಗ

ಮೊರದಕಾಳು ಅವರೇ, ಬರೆದದ್ದು ಒಳ್ಳೆಯದಾಯಿತು. ಒಂದೆರಡು ಕೇಳಬಹುದಾ? ಅವರು ನಿಲ್ಲುತ್ತಿದ್ದದ್ದು ಯಾವ ಕಡೆ? ಒಬ್ಬರೇ ಬರುತ್ತಿದ್ದರಾ? ಮೊರ ಬಿಟ್ಟು ಕೈಯಲ್ಲಿ ಇನ್ನೇನಿರುತ್ತಿತ್ತು? ಅಂದಾಜಿನಲ್ಲಿ ಇಡಲು ಇಷ್ಟವಿಲ್ಲ.

ಮೊರದಕಾಳು

ನಮ್ಮಮ್ಮನನ್ನು ಕೇಳಿದೆ. ಅವರು ಚಿಕ್ಕವರಿದ್ದಾಗ ಜೊತೆಗೆ ಹೋಗುತ್ತಿದ್ದರಂತೆ.

ಹೊಟ್ಟು ಬೀಳುವ ಕಡೆ ನಿಲ್ಲುತ್ತಿದ್ದರು. ಒಳ್ಳೇ ಜಾಗ ಬೇರೆಯವರದ್ದು. ಒಬ್ಬರೇ ಅಲ್ಲ, ನಾಲ್ಕೈದು ಹೆಂಗಸರು, ಸೊಂಟದಲ್ಲಿ ಮಕ್ಕಳು. ಮೊರದ ಜೊತೆ ಒಂದು ಹಳೇ ಸೀರೆ ತುಂಡು, ಕಾಳು ಗಂಟು ಕಟ್ಟಲು. ಗಂಡಸರು ಸ್ವಲ್ಪ ಆಚೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಕಣ ಎತ್ತಿದ ಮೇಲೆ ಹೊಟ್ಟಿನ ಜೊತೆ ಹಾರಿಹೋದ ಕಾಳನ್ನು ಗುಡಿಸಿ ಕೇರಿಕೊಳ್ಳಲು ಬಿಡುತ್ತಿದ್ದರು. ಅದರಲ್ಲಿ ಮಣ್ಣೇ ಜಾಸ್ತಿ, ಆದರೂ ಅಮ್ಮನಿಗೆ ಅದು ಖುಷಿಯ ಕೆಲಸ. ಯಾರೂ ಅಳೆದು ಕೊಡುತ್ತಿರಲಿಲ್ಲವಲ್ಲ, ಎಷ್ಟು ಸಿಕ್ಕಿತೋ ಅಷ್ಟು ನಮ್ಮದು ಅಂದರು.

ಕಣದಹುಡುಗ

ಇದನ್ನು ಅಜ್ಜಿಗೆ ಓದಿ ಹೇಳಿದೆ. "ಹೌದು, ಅಲ್ಲೇ ನಿಲ್ಲೋರು" ಅಂದರು. ಯಾರ್‍ಯಾರು ಅಂತ ಹೆಸರು ಹಿಡಿದು ಹೇಳಲು ಶುರು ಮಾಡಿದರು. ಇಷ್ಟು ದಿನ ಒಂದು ಸಲವೂ ಬಾಯಿಗೆ ಬಾರದ ಹೆಸರುಗಳು. ಯಾಕೆ ಒಳಗೆ ಬಿಡುತ್ತಿರಲಿಲ್ಲ ಅಂತ ನನ್ನ ಮಗ ಕೇಳಿದ. ಅಜ್ಜಿ ಉತ್ತರ ಕೊಡಲಿಲ್ಲ, ಚಿಕ್ಕಪ್ಪ ಕೊಟ್ಟರು. ಸುತ್ತಿಬಳಸಿ ಹೇಳದೆ ನೇರವಾಗಿ ಹೇಳಿದರು ಅನ್ನುವುದೇ ನನಗೆ ಸಮಾಧಾನ.

ಹಾಗಾಗಿ ಹೊತ್ತು ಬದಲಾಯಿತು. ರಾಶಿ ಪೂಜೆ ಅಲ್ಲ, ಅಳತೆಯ ಹೊತ್ತು. ಆಗಲೇ ಎಲ್ಲರೂ ಅಲ್ಲಿರುವುದು. ಪೂಜೆ ಮುಗಿದಿದೆ, ಬೂದಿ ಗೆರೆ ಒಂದು ಕಡೆ ಅಳಿಸಿದೆ. ತಾತ ಮಂಡಿಯೂರಿ ಕೊಳಗ ತುಂಬುತ್ತಿದ್ದಾರೆ. ಮೊದಲ ಕೊಳಗಕ್ಕೆ ಒಂದು ಅನ್ನದೆ "ಲಾಭ" ಅಂತಲೇ ಎಣಿಕೆ ಶುರು. 20 ಕೊಳಗಕ್ಕೆ ಒಂದು ಖಂಡುಗ. ಪ್ರತಿ ಖಂಡುಗಕ್ಕೆ ಒಂದು ಹಿಡಿ ಕಾಳು ಪಕ್ಕಕ್ಕೆ ಇಡುತ್ತಾರೆ, ಲೆಕ್ಕ ತಪ್ಪದಿರಲಿ ಅಂತ. ಕಮ್ಮಾರ, ಮಡಿವಾಳ ಮೆದೆ ಹತ್ತಿರ. ಪಡುವಣದ ಅಂಚಲ್ಲಿ, ಹೊಟ್ಟಿನ ಪಕ್ಕ, ಮೊರ ಹಿಡಿದ ಹೆಂಗಸರು, ಒಬ್ಬರ ಸೊಂಟದಲ್ಲಿ ಮಗು. ಕಣದ ಅಂಚಿಗೂ ಅವರಿಗೂ ನಡುವೆ ನಾಲ್ಕು ಸ್ಟಡ್ ಜಾಗ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಏನೂ ಇಡುವುದಿಲ್ಲ.

ಗೇರ್‌ಗಿರಿ

ಒಪ್ಪಿದೆ. ನನ್ನ ಪ್ರಶ್ನೆಗೂ ಉತ್ತರ ಸಿಕ್ಕಿತು. ಆದರೆ ಅಳತೆ ಹೊತ್ತಿಗೆ ಗುಂಡು ನಿಂತಿರುತ್ತದೆ, ನನ್ನ ಮೋಟಾರ್ ನೀರಿಗೆ ಬಿತ್ತು!

ಧಾರವಾಡಪೇಡಾ

ಎತ್ತುಗಳಿಗೂ ಸಾಕಾಗಿರುತ್ತದೆ, ಬಿಡ್ರೀ. ಬಾಯಿಕುಕ್ಕೆ ಬಿಚ್ಚಿ ಹುಲ್ಲು ಹಾಕಿ ನಿಲ್ಲಿಸಿ.

ಕಣದಹುಡುಗ

ಹಾಗೇ ಮಾಡಿದ್ದೇನೆ. ಕೊಂಬಿಗೆ ಬೂದು ಬಣ್ಣದ ಬಾಗಿದ ತುಣುಕು ಹಾಕಿದರೆ ಹಳ್ಳಿಕಾರ್ ಕಳೆ ಬರುತ್ತದೆ, ಹಿಂದಕ್ಕೆ ಹೋಗಿ ಮುಂದಕ್ಕೆ ಬಗ್ಗಿದ ಹಾಗೆ.

ಈಗ ಬೇರೆ ಚಿಂತೆ. ವಿಜಯನಗರದಿಂದ ಚಿಕ್ಕಪ್ಪನ ಮನೆ ಕೆಂಗೇರಿ ಆಚೆ. 48×48 ಹಲಗೆ, ಅಂದರೆ 38 ಸೆಂ.ಮೀ. ಚೌಕ, ಜೊತೆಗೆ ಹಗೇವಿನ ಎತ್ತರ. ಹಬ್ಬದ ಹಿಂದಿನ ದಿನದ ಟ್ರಾಫಿಕ್ಕಲ್ಲಿ, ರಸ್ತೆ ಉಬ್ಬುಗಳ ಮೇಲೆ ಒಯ್ಯುವುದು ಹೇಗೆ?

ಇಟ್ಟಿಗೆ_ಇಂಜಿನಿಯರ್

ನಾಲ್ಕು 24×24 ಭಾಗ ಮಾಡಿ, ಟೆಕ್ನಿಕ್ ಪಿನ್ನಲ್ಲಿ ಜೋಡಿಸಿ. ಸೀಳು ಮೇಟಿಯ ಮೇಲೇ ಹಾದುಹೋಗದ ಹಾಗೆ ಮೇಟಿಯನ್ನು ಒಂದು ಸ್ಟಡ್ ಪಕ್ಕಕ್ಕೆ ಸರಿಸಿ. ಬೊಂಬೆಗಳು, ಎತ್ತು, ಮೇಟಿ ಕಿತ್ತು ಬೇರೆ ಡಬ್ಬಿಗೆ. ನಿಜ ರಾಗಿ ಅಲ್ಲಿ ಹೋದ ಮೇಲೆ ಸುರಿಯಿರಿ, ಇಲ್ಲದಿದ್ದರೆ ಸ್ಟಡ್‌ಗಳ ಸಂದಿಯಿಂದ ಜನ್ಮದಲ್ಲಿ ಬರುವುದಿಲ್ಲ. ಅದಕ್ಕೇ ಬೇಡ ಅಂದದ್ದು.

ಗೊಂಬೆಮನೆ

ಮೆಟ್ರೋದಲ್ಲಿ ಹೋಗಿ. ವಿಜಯನಗರದಿಂದ ಕೆಂಗೇರಿಗೆ ನೇರಳೆ ಮಾರ್ಗ ನೇರ. ದಸರಾದಲ್ಲಿ ಗೊಂಬೆ ಡಬ್ಬಿಗಳನ್ನು ನಾನು ಮೆಟ್ರೋದಲ್ಲೇ ಸಾಗಿಸಿದ್ದು. ಬೆಳಿಗ್ಗೆ ಬೇಗ ಹತ್ತಿದರೆ ಸೀಟೂ ಸಿಗುತ್ತದೆ.

ಮೊರದಕಾಳು

ಒಂದು ವಿನಂತಿ. ಆ ನಾಲ್ಕು ಹೆಂಗಸರ ಸೀರೆ ಎಲ್ಲ ಒಂದೇ ಬಣ್ಣ ಮಾಡಬೇಡಿ. ಅಮ್ಮ ಹೇಳಿದರು, ಸುಗ್ಗಿಗೆ ಇದ್ದದ್ದರಲ್ಲಿ ಒಳ್ಳೇ ಸೀರೆ ಉಟ್ಟೇ ಹೋಗುತ್ತಿದ್ದರಂತೆ.

ಕಣದಹುಡುಗ

ಒಂದು ಹಸಿರು, ಒಂದು ಕೆಂಪು, ಒಂದು ನೇರಳೆ ಆಗಿದೆ. ನಾಲ್ಕನೆಯದಕ್ಕೆ ಗಾಢ ನೀಲಿ ಇಳಿಜಾರು ಇಟ್ಟಿಗೆ ಬೇಕು, 2×2 ಅಳತೆಯದ್ದು. ನನ್ನ ಹತ್ತಿರ ಇಲ್ಲ. ಬೆಂಗಳೂರಲ್ಲಿ ಯಾರ ಬಳಿಯಾದರೂ ಇದ್ದರೆ ಹೇಳಿ, ಬಂದು ತಗೊಂಡು ಹೋಗುತ್ತೇನೆ. ಬದಲಿಗೆ ಡಾರ್ಕ್ ಟ್ಯಾನ್ ಟೈಲ್ ಕೊಡುತ್ತೇನೆ, ಸಾಕಷ್ಟು ಉಳಿದಿವೆ.